ಜೆಂಟಾಮೈಸಿನ್ ಕೊಟ್ಟ ಇಲಿಯ ಕಿಡ್ನಿ: ಸ್ಲೈಡ್ ಮಾಡಿದವಳ ಅನುಭವ

ಜೆಂಟಾಮೈಸಿನ್ ಎಂಬ ಆ್ಯಂಟಿಬಯೋಟಿಕ್ ಕಿಡ್ನಿಗೆ ಮಾಡುವ ಹಾನಿಯನ್ನು ಪ್ರಯೋಗಾಲಯದ ವಿಸ್ಟಾರ್ ತಳಿಯ ಇಲಿಗಳಲ್ಲಿ ನೋಡುವ ಕೆಲಸದಲ್ಲಿ ಮೈಕ್ರೋಸ್ಕೋಪಿಗೆ ಸ್ಲೈಡ್ ಮಾಡುವುದು, ಓದುವುದು ನನ್ನ ಪಾಲಿಗೆ ಬಂತು. ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆಯಾದ ಮೇಲೆ ಒಂದು ಗುಂಪಿಗೆ ಕೆಜಿ ತೂಕಕ್ಕೆ 80 ಮಿಲಿಗ್ರಾಂನಂತೆ 8 ದಿನ ಹೊಟ್ಟೆಗೆ ಇಂಜೆಕ್ಷನ್, ಇನ್ನೊಂದಕ್ಕೆ ಬರೀ ಸಲೈನ್. ಮನುಷ್ಯರಿಗೆ ಕೊಡುವುದಕ್ಕಿಂತ ಇದು ಬಹಳ ಹೆಚ್ಚು. ಹಾನಿ ಕಾಣಲೆಂದೇ ಆರಿಸುವ ಪ್ರಮಾಣ.

ಕಿಡ್ನಿ ಹೊರತೆಗೆದ ಮೇಲೆ ಒಂದು ಗಳಿಗೆಯೂ ತಡ ಮಾಡುವಂತಿಲ್ಲ. ಪ್ರಾಕ್ಸಿಮಲ್ ಟ್ಯೂಬ್ಯೂಲಿನ (ಸೋಸಿದ ದ್ರವ ಮೊದಲು ಹಾಯುವ ಸಣ್ಣ ನಾಳದ) ಕೋಶಗಳು ಜೀವ ಹೋದ ಸ್ವಲ್ಪ ಹೊತ್ತಿಗೇ ತಾವಾಗಿ ಕೆಡತೊಡಗುತ್ತವೆ. ಜೆಂಟಾಮೈಸಿನ್ ಕೆಡಿಸುವುದೂ ಅವನ್ನೇ. ತಡವಾದರೆ ಯಾವುದು ಔಷಧಿಯ ಹಾನಿ, ಯಾವುದು ನಮ್ಮ ಕೈಯಿಂದಾದದ್ದು ಅಂತ ಯಾರೂ ಹೇಳಲಾರರು. ಅದಕ್ಕೇ ಎಡದ್ದನ್ನು ಉದ್ದಕ್ಕೆ, ಬಲದ್ದನ್ನು ಅಡ್ಡಕ್ಕೆ ಕೊಯ್ದು ಕೂಡಲೇ, ಅಂಗಾಂಶ ಕೆಡದಂತೆ ಕಾಯುವ ಫಾರ್ಮಲಿನ್‌ಗೆ ಹಾಕುತ್ತೇನೆ; ಆಮೇಲೆ ಮೇಣದಲ್ಲಿ ಕೂರಿಸಿದ ಬ್ಲಾಕ್ ನೋಡಿದರೇ ಯಾವ ಬದಿಯದೆಂದು ತಿಳಿಯುತ್ತದೆ. ಸಲೈನ್ ಗುಂಪಿಗೂ ಇಷ್ಟೇ ಅವಸರ, ಇಷ್ಟೇ ಹೊತ್ತು. ಈ ಶಿಸ್ತು ಇಲ್ಲದಿದ್ದರೆ ಇಲಿಯ ಜೀವ ತೆಗೆದದ್ದೇ ವ್ಯರ್ಥ ಅಂತ ನನ್ನ ಅಭಿಪ್ರಾಯ.

ಕಾರವಾರದ ಮಳೆಗಾಲದಲ್ಲಿ ಇನ್ನೊಂದು ತಾಪತ್ರಯ. ಮೇಣಕ್ಕೆ ಹಾಕುವ ಮುಂಚೆ ಅಂಗಾಂಶದ ನೀರು ತೆಗೆಯುವ ಅಬ್ಸಲ್ಯೂಟ್ (ನೀರಿಲ್ಲದ) ಆಲ್ಕೋಹಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಆಲ್ಕೋಹಾಲ್ ಆದ ಮೇಲೆ ಝೈಲೀನ್‌ಗೆ ಇಳಿಸಿದಾಗ ಆ ದ್ರಾವಕ ಹಾಲಿನಂತೆ ಬೆಳ್ಳಗಾದರೆ ಅಂಗಾಂಶದಲ್ಲಿ ನೀರು ಉಳಿದಿದೆ ಎಂದೇ ಲೆಕ್ಕ. ಹಿಂದೆ ಬಂದು ಹೊಸ ಆಲ್ಕೋಹಾಲ್‌ನಲ್ಲಿ ಮತ್ತೆ ಅದ್ದಬೇಕು. ಜೂನ್‌ನಿಂದ ಬಾಟಲಿಯ ಮುಚ್ಚಳ ತೆರೆದಿಡುವ ಮಾತೇ ಇಲ್ಲ.

ಸ್ಲೈಡಿಗೆ ಗುಟ್ಟಿನ ನಂಬರ್ ಹಾಕುವುದು ಸಹೋದ್ಯೋಗಿ. ಯಾವ ಗುಂಪೆಂದು ತಿಳಿಯದೆಯೇ ಓದುತ್ತೇನೆ. ಪಿಎಎಸ್ ಎಂಬ ಬಣ್ಣ ಹಾಕುವ ಸ್ಟೇನ್‌ನಲ್ಲಿ ಆರೋಗ್ಯವಂತ ಟ್ಯೂಬ್ಯೂಲಿನ ಒಳಅಂಚಿಗೆ ಗಾಢ ಗುಲಾಬಿ ಗೆರೆ ಇರುತ್ತದೆ, ಅದೇ ಬ್ರಶ್ ಬಾರ್ಡರ್. ಜೆಂಟಾಮೈಸಿನ್ ಗುಂಪಿನಲ್ಲಿ ಕಾರ್ಟೆಕ್ಸ್ (ಕಿಡ್ನಿಯ ಹೊರಪದರ) ತುಂಬ ಆ ಗೆರೆ ಅಲ್ಲಲ್ಲಿ ಹರಿದಿತ್ತು; ಕೋಶಗಳು ಉಬ್ಬಿ, ನ್ಯೂಕ್ಲಿಯಸ್ ಮಾಯವಾಗಿ, ಕಳಚಿ ನಾಳದೊಳಗೆ ಬಿದ್ದಿದ್ದವು. ಪಕ್ಕದ ಗ್ಲೊಮೆರುಲಸ್ (ರಕ್ತ ಸೋಸುವ ಗಂಟು) ಮಾತ್ರ ಹೆಚ್ಚುಕಡಿಮೆ ಸರಿಯಾಗೇ ಇತ್ತು. ಸೋಸಿ ಬಂದ ಔಷಧಿಯನ್ನು ಮೆಗಾಲಿನ್ ಎಂಬ ರಿಸೆಪ್ಟರ್ ಈ ಟ್ಯೂಬ್ಯೂಲಿನ ಕೋಶಗಳೊಳಗೆ ಎಳೆದುಕೊಳ್ಳುತ್ತದೆ, ಔಷಧಿ ಕೋಶದ ಕಸ ಅರಗಿಸುವ ಚೀಲಗಳಾದ ಲೈಸೋಸೋಮ್‌ಗಳಲ್ಲಿ ಶೇಖರವಾಗುತ್ತದೆ. ಪೆಟ್ಟು ಅಲ್ಲೇ ಬೀಳುವುದು ಅದಕ್ಕೆ. ಕಿಡ್ನಿ ಸೋತದ್ದನ್ನು ತೋರಿಸುವ ರಕ್ತದ ಕ್ರಿಯಾಟಿನೈನ್ ಏರುವುದು ಇದಕ್ಕಿಂತ ತಡವಾಗಿ.

ಸತ್ತ ಕೋಶಗಳ ನಡುವೆಯೇ ದೊಡ್ಡ ನ್ಯೂಕ್ಲಿಯಸ್ಸಿನ ಹೊಸ ಕೋಶಗಳೂ ಇದ್ದವು. ಇಂಜೆಕ್ಷನ್ ನಡೆಯುತ್ತಿದ್ದಾಗಲೇ ದುರಸ್ತಿ ಶುರುವಾಗಿತ್ತು! ನನಗೆ ಅತ್ಯಂತ ಖುಷಿ ಕೊಟ್ಟ ನೋಟ ಇದೇ.

ಅಂಕೋಲೆಯ ಅತ್ತಿಗೆ ಕೇಳಿದರು, "ಹಾಗಾದ್ರೆ ಆ್ಯಂಟಿಬಯೋಟಿಕ್ ಎಲ್ಲಾ ಕಿಡ್ನಿಗೆ ಹೀಗೇ ಮಾಡ್ತದ?" ಇಲ್ಲ. ನಾನು ನೋಡಿದ್ದು ಜೆಂಟಾಮೈಸಿನ್, ಅಮಿಕಾಸಿನ್‌ಗಳ ಅಮೈನೋಗ್ಲೈಕೋಸೈಡ್ ಗುಂಪಿನ ಗುಣ. ಬೇಧಿಯಾಗಿ ನೀರಿಳಿದವರಿಗೆ, ವಯಸ್ಸಾದವರಿಗೆ, ಮೊದಲೇ ಕಿಡ್ನಿ ತೊಂದರೆ ಇರುವವರಿಗೆ ಇದರ ಅಪಾಯ ಹೆಚ್ಚು. ಅಂಥವರು ಮನೆಯಲ್ಲಿದ್ದರೆ ಇಂಜೆಕ್ಷನ್‌ಗೆ ಮುಂಚೆಯೇ ಡಾಕ್ಟರಿಗೆ ಹೇಳಿ ಅಂದೆ.