ಎಲ್‌ಇಡಿಗೆ ಹೋಗುವ ಆ ಒಂದು ರೆಸಿಸ್ಟರ್

"ಸರ್, ನಿಮ್ಮ ಸಪ್ಲೈ ಕುಯ್ಯ್ ಅಂತಿದೆ. ಮಷೀನ್ ಸುಮ್ನಿದ್ದಾಗ ಇಲ್ಲ, ಓಡುವಾಗ ಮಾತ್ರ." ಪೀಣ್ಯದ ಗಿರಾಕಿಯೊಬ್ಬರು ಹೀಗೆ ಫೋನ್ ಮಾಡಿದಾಗ ನಾನು ಟ್ರಾನ್ಸ್‌ಫಾರ್ಮರ್ ಸಡಿಲವಾಗಿರಬೇಕು ಅಂದುಕೊಂಡೆ. ವಾಪಸ್ ತರಿಸಿ ವಾರ್ನಿಷ್ ಹಾಕಿಸಿದರೂ ಸದ್ದು ನಿಲ್ಲಲಿಲ್ಲ.

ಅದು 12 ವೋಲ್ಟ್, 5 ಆಂಪಿಯರ್‌ನ ಫ್ಲೈಬ್ಯಾಕ್ ಪವರ್ ಸಪ್ಲೈ, ಅಂದರೆ ಟ್ರಾನ್ಸ್‌ಫಾರ್ಮರಿನಲ್ಲಿ ಶಕ್ತಿ ತುಂಬಿಸಿ ಆಮೇಲೆ ಆಚೆ ಬಿಡುವ ಬಗೆಯದು. ಪ್ರೈಮರಿ ಕಡೆ ಸ್ವಿಚಿಂಗ್ ನಡೆಸುವ ಯುಸಿ3842 ಚಿಪ್, ಸೆಕೆಂಡರಿ ಕಡೆ ಔಟ್‌ಪುಟ್ ಸರಿಯಿದೆಯೇ ಅಂತ ನೋಡುವ ಟಿಎಲ್431, ನಡುವೆ ಆ ಸುದ್ದಿಯನ್ನು ಎಲ್‌ಇಡಿಯ ಬೆಳಕಿನಲ್ಲಿ ಆಚೆ ಬದಿಯ ಟ್ರಾನ್ಸಿಸ್ಟರಿಗೆ ದಾಟಿಸುವ ಪಿಸಿ817 ಆಪ್ಟೊಕಪ್ಲರ್. ರಿಪಲ್, ಅಂದರೆ ಔಟ್‌ಪುಟ್‌ನ ಸಣ್ಣ ಏರಿಳಿತ, ಇಳಿಸೋಕೆ ಔಟ್‌ಪುಟ್‌ನ ಕೊನೆಗೆ 4.7 ಮೈಕ್ರೋಹೆನ್ರಿ ಕಾಯಿಲ್, 220 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿದ್ದೆ.

ಆಪ್ಟೊ ಬದಲಿಸಿದರೆ ಕೆಲವು ಬೋರ್ಡ್ ಸುಮ್ಮನಾಗುತ್ತಿದ್ದವು. ಎಸ್‌ಪಿ ರೋಡಿನಲ್ಲಿ ಬಿಡಿಯಾಗಿ ಕೊಂಡ 817ಗಳಲ್ಲಿ ಎಲ್ಲ ಗ್ರೇಡೂ ಬೆರೆತಿದ್ದವು. ಈ ಭಾಗದ ಸಿಟಿಆರ್, ಅಂದರೆ ಎಲ್‌ಇಡಿ ಕರೆಂಟಿಗೆ ಆಚೆ ಬದಿ ಎಷ್ಟು ಕರೆಂಟ್ ಬರುತ್ತದೆ ಅನ್ನುವ ಲೆಕ್ಕ, ಶೇ. 50ರಿಂದ 600ರವರೆಗೂ ಇರಬಹುದು. ಔಟ್‌ಪುಟ್ ನೋಡಿ ತಿದ್ದುವ ಫೀಡ್‌ಬ್ಯಾಕ್ ಲೂಪ್‌ನ ಗೇನ್ ಒಂದು ಬೋರ್ಡಿನಿಂದ ಇನ್ನೊಂದಕ್ಕೆ 12 ಪಟ್ಟು ಬದಲಾದರೆ, ಲೂಪ್ ಓಲಾಡದಂತೆ ಮಾಡುವ ಕಾಂಪೆನ್ಸೇಷನ್‌ಗೆ ಏನು ಅರ್ಥ? ಅದಕ್ಕೇ ಎಫ್‌ಒಡಿ2741 ತರಿಸಿದೆ. 431 ಮತ್ತು ಆಪ್ಟೊ ಎರಡೂ ಒಂದೇ ಎಂಟು ಕಾಲಿನ ಪ್ಯಾಕೇಜಿನಲ್ಲಿವೆ, ಸಿಟಿಆರ್ ಶೇ. 100ರಿಂದ 200ರ ಒಳಗೆ, ಎರಡು ಬದಿಗಳ ನಡುವಿನ ಐಸೊಲೇಷನ್ 5000 ವೋಲ್ಟ್.

431 ಹೋಲಿಸಿ ನೋಡುವ ರೆಫರೆನ್ಸ್ ಸುಮಾರು 2.5 ವೋಲ್ಟ್. ಆದ್ದರಿಂದ ಔಟ್‌ಪುಟ್ಟನ್ನು ಅಷ್ಟಕ್ಕೆ ಇಳಿಸಿ ಕೊಡುವ ಡಿವೈಡರ್‌ಗೆ ಕೆಳಗೆ 10 ಕೆ (ಕಿಲೋ ಓಮ್), ಮೇಲೆ 33 ಕೆ ಮತ್ತು 5.1 ಕೆ ಸರಣಿಯಲ್ಲಿ. ಅಷ್ಟಕ್ಕೆ 12 ವೋಲ್ಟ್ ಸರಿಯಾಗಿ ಬಂತು. ಎಲ್‌ಇಡಿಗೆ ಔಟ್‌ಪುಟ್‌ನಿಂದ 2.2 ಕೆ. ಎಲ್‌ಇಡಿಗೆ ಸಮಾಂತರವಾಗಿ 1 ಕೆ, 431ಗೆ ಬೇಕಾದ ಕನಿಷ್ಠ ಒಂದು ಮಿಲಿಆಂಪಿಯರ್ ಸಿಗಲಿ ಅಂತ. 3842ರ ಫೀಡ್‌ಬ್ಯಾಕ್ ಕಾಲನ್ನು ಗ್ರೌಂಡಿಗೆ ಕಟ್ಟಿ, ಆಪ್ಟೊದ ಕಲೆಕ್ಟರನ್ನು ಕಾಂಪ್ ಕಾಲಿಗೆ ಕೊಟ್ಟೆ.

ಕುಯ್‌ಗುಟ್ಟುವುದು ನಿಂತಿತು. ಆದರೆ ಲೋಡನ್ನು ಅರ್ಧದಿಂದ ಪೂರ್ತಿಗೆ ಜಿಗಿಸಿ ಸ್ಕೋಪಿನಲ್ಲಿ ನೋಡಿದರೆ ಔಟ್‌ಪುಟ್ ಏಳೆಂಟು ಸಲ ಓಲಾಡಿ ಆಮೇಲೆ ನಿಲ್ಲುತ್ತಿತ್ತು. 431ರ ಕಾಂಪೆನ್ಸೇಷನ್ ಕೆಪಾಸಿಟರ್ 10 ನ್ಯಾನೊಫ್ಯಾರಡ್‌ನಿಂದ 47ಕ್ಕೆ, ಆಮೇಲೆ 100ಕ್ಕೆ ಏರಿಸಿದೆ. ಓಲಾಟ ಕದಲಲಿಲ್ಲ. ಎರಡು ರಾತ್ರಿ ಇದರಲ್ಲೇ ಕಳೆದವು.

ಮೂರನೆಯ ದಿನ ಓಲಾಟದ ಒಂದು ಸುತ್ತನ್ನು ಅಳೆದೆ: 200 ಮೈಕ್ರೋಸೆಕೆಂಡ್, ಅಂದರೆ 5 ಕಿಲೋಹರ್ಟ್ಜ್. ನನ್ನ ಕಾಯಿಲ್ ಮತ್ತು ಕೆಪಾಸಿಟರಿನ ಅನುರಣನವನ್ನು ಲೆಕ್ಕ ಹಾಕಿದೆ. ಅದೂ 5 ಕಿಲೋಹರ್ಟ್ಜ್!

ಆಗ ಹೊಳೆಯಿತು. ಕೆಪಾಸಿಟರ್ ದೊಡ್ಡದು ಮಾಡಿದಷ್ಟೂ 431ರ ಕ್ಯಾಥೋಡ್, ಅಂದರೆ ಎಲ್‌ಇಡಿಯ ಕೆಳತುದಿಯನ್ನು ಎಳೆಯುವ ಕಾಲು, ನಿಧಾನವಾಗುತ್ತದೆ, ಸರಿ. ಆದರೆ ಎಲ್‌ಇಡಿಯ ಮೇಲ್ತುದಿ 2.2 ಕೆ ಮೂಲಕ ನೇರ ಔಟ್‌ಪುಟ್ಟಿಗೇ ಅಂಟಿಕೊಂಡಿದೆ. ಔಟ್‌ಪುಟ್ ಅಲುಗಿದರೆ ಎಲ್‌ಇಡಿ ಕರೆಂಟೂ ಅಲುಗುತ್ತದೆ, 431 ಏನೂ ಮಾಡದಿದ್ದರೂ. ನಾನು ಬರೀ ಬಯಾಸ್‌ಗೆ, ಅಂದರೆ ಎಲ್‌ಇಡಿಗೆ ಕರೆಂಟ್ ಕೊಡೋಕೆ, ಅಂದುಕೊಂಡಿದ್ದ ರೆಸಿಸ್ಟರೇ ಎರಡನೆಯ ಫೀಡ್‌ಬ್ಯಾಕ್ ದಾರಿ, ಅದೂ ವೇಗದ ದಾರಿ. ಅದರ ಗೇನ್ ನಿಂತಿರುವುದು ಸಿಟಿಆರ್ ಮೇಲೆ. 817 ಬದಲಿಸಿದಾಗ ಕೆಲವು ಬೋರ್ಡ್ ಸುಮ್ಮನಾಗಿದ್ದೂ ಅದರಿಂದಲೇ. ಕಾಯಿಲ್ ದಾಟಿದ ಮೇಲಿನ ಸಿಗ್ನಲ್ ಈ ದಾರಿ ಹಿಡಿದರೆ ಅನುರಣನದ ಹತ್ತಿರ ಫೇಸ್ ಕುಸಿಯುತ್ತದೆ, ಅಂದರೆ ತಿದ್ದುಪಡಿ ತಡವಾಗಿ ಬಂದು ಓಲಾಟಕ್ಕೇ ದಾರಿಯಾಗುತ್ತದೆ.

ಟ್ರ್ಯಾಕ್ ಕತ್ತರಿಸಿ, 2.2 ಕೆಯನ್ನು ಕಾಯಿಲಿಗಿಂತ ಹಿಂದಿನ ಮೊದಲ ಕೆಪಾಸಿಟರಿಗೆ ವೈರಿನಿಂದ ಬೆಸುಗೆ ಹಾಕಿದೆ. ಡಿವೈಡರ್ ಮಾತ್ರ ಔಟ್‌ಪುಟ್ಟಿನಲ್ಲೇ ಉಳಿಯಿತು, ನಿಖರತೆ ಬೇಕಲ್ಲ. ಲೋಡ್ ಜಿಗಿಸಿದರೆ ಈಗ ಒಂದು ಸಣ್ಣ ತಗ್ಗು, ಮರಳಿ 12 ವೋಲ್ಟ್.

ಹೊಸ ಪಿಸಿಬಿಯಲ್ಲಿ ಆ ಟ್ರ್ಯಾಕನ್ನೇ ಮೊದಲು ಎಳೆದೆ. ಗಿರಾಕಿಗೆ ಎಲ್ಲ ಬೋರ್ಡುಗಳನ್ನೂ ಬದಲಿಸಿ ಕೊಟ್ಟಿದ್ದೇನೆ.