68 ಮೂಟೆ ಗೋಡೆಗೆ, 72 ಮೂಟೆ ಮೋಲ್ಡಿಗೆ

ಸಂಪ್ ಮತ್ತು ಪಾಯ ತೋಡಿದ ಮಣ್ಣು ಸೈಟಿನಲ್ಲಿ ಗುಡ್ಡದ ಹಾಗೆ ಬಿದ್ದಿತ್ತು. ಅದನ್ನು ಸಾಗಿಸೋಕೆ ಟ್ರ್ಯಾಕ್ಟರಿನವರು ಲೋಡಿಗಿಷ್ಟು ಅಂತ ದುಡ್ಡು ಕೇಳಿದರು. ಅದೇ ವಾರ ನಾನು ಕಾಂಕ್ರೀಟ್ ಬ್ಲಾಕಿನ ರೇಟು ವಿಚಾರಿಸುತ್ತಿದ್ದೆ. ಮಣ್ಣು ಹೊರಗೆ ಹಾಕೋಕೂ ದುಡ್ಡು, ಗೋಡೆ ಒಳಗೆ ತರೋಕೂ ದುಡ್ಡು. ತುಮಕೂರಿನ ಹತ್ತಿರ ನಮ್ಮ 900 ಚದರಡಿ ಮನೆಗೆ ಮಣ್ಣಿನ ಬ್ಲಾಕ್ ಯೋಚನೆ ಬಂದದ್ದು ಹೀಗೆ. ಪರಿಸರದ ಕಾಳಜಿ ಆಮೇಲೆ ಬಂತು, ಸುಳ್ಳು ಹೇಳೋದು ಬೇಡ.

ಬಂದ ಮೇಲೆ ಜಾಸ್ತಿಯೇ ಬಂತು. ಸಿಮೆಂಟ್ ಅಂದರೆ ಸುಣ್ಣದ ಕಲ್ಲು ಸುಡೋದು. ಸುಡೋ ಉರಿಯ ಹೊಗೆ ಒಂದು ಕಡೆ. ಅದಕ್ಕಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಕಲ್ಲಿನ ಒಳಗಿಂದಲೇ ಬಿಡುಗಡೆ ಆಗುತ್ತದೆ. ಸೌದೆ, ಕಲ್ಲಿದ್ದಲು ಬಿಟ್ಟು ಬೇರೆ ಏನು ಉರಿಸಿದರೂ ಇದು ತಪ್ಪೋದಿಲ್ಲ. ಹಾಗಾಗಿ ಮನೆಗೆ ಎಷ್ಟು ಮೂಟೆ ಸಿಮೆಂಟ್ ಹೋಗುತ್ತದೆ ಅಂತ ನಾನೇ ಎಣಿಸೋಕೆ ಶುರು ಮಾಡಿದೆ. ಖಾಲಿ ಚೀಲಗಳನ್ನು ಮಡಚಿ ಶೆಡ್ಡಿನಲ್ಲಿ ಇಡುತ್ತಿದ್ದೆ.

ಅಮ್ಮ ಒಪ್ಪಲಿಲ್ಲ. "ನಿನ್ ತಾತನ ಮನೆ ಗೋಡೇಲಿ ಗೆದ್ದಲು ಕೆರೆದು ಕೆರೆದು ನನ್ ಕೈ ಸವೆದಿದೆ" ಅಂದರು. ಮೇಸ್ತ್ರಿ ಇನ್ನೂ ಚುಟುಕಾಗಿ ಹೇಳಿದರು: "ಮಳೆಗೆ ಕರಗೋಗ್ತದೆ ಸಾರ್."

ಮೊದಲು ಮಣ್ಣಿನ ಪರೀಕ್ಷೆ. ಮೇಲಿನ ಒಂದಡಿ ಮಣ್ಣು ಬೇರು, ಗೊಬ್ಬರದ್ದು, ಅದು ತೋಟಕ್ಕೆ ಹೋಯಿತು. ಕೆಳಗಿನ ಕೆಂಪು ಮಣ್ಣನ್ನು ಗಾಜಿನ ಬಾಟಲಿಗೆ ಹಾಕಿ, ನೀರು, ಚಿಟಿಕೆ ಉಪ್ಪು ಸೇರಿಸಿ ಕುಲುಕಿ ಇಟ್ಟೆ. ಮರಳು ಒಂದೆರಡು ನಿಮಿಷದಲ್ಲೇ ತಳ ಸೇರುತ್ತದೆ. ಜೇಡಿ ಕೂರೋಕೆ ಮಾರನೇ ದಿನ ಆಗುತ್ತದೆ. ನಮ್ಮದರಲ್ಲಿ ಜೇಡಿ ಹೆಚ್ಚುಕಡಿಮೆ ಕಾಲು ಭಾಗ ಇತ್ತು. ಅಷ್ಟು ಬೇಡ, ಒಣಗುವಾಗ ಬಿರುಕು ಬಿಡುತ್ತದೆ. ಎರಡು ಬಾಂಡ್ಲಿ ಮಣ್ಣಿಗೆ ಒಂದು ಬಾಂಡ್ಲಿ ಕಲ್ಲುಪುಡಿ ಸೇರಿಸಿದ ಮೇಲೆ ಸರಿಹೋಯಿತು.

ಬ್ಲಾಕ್ ಒತ್ತೋಕೆ ಬಾಡಿಗೆಗೆ ತಂದದ್ದು ಮರ್ದಿನಿ ಅನ್ನೋ ಕೈಯಂತ್ರ. ಉದ್ದನೆಯ ಹಿಡಿ, ಇಬ್ಬರು ನೇತಾಡಬೇಕು. ಇದರ ಹಿಂದೆ ಇರೋದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅಂದರೆ ಐಐಎಸ್‌ಸಿಯಲ್ಲಿ 1974ರಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ಶುರು ಮಾಡಿದ 'ಅಸ್ತ್ರ' ಕೇಂದ್ರ. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಜೊತೆಯವರು ಈ ಮಣ್ಣಿನ ಬ್ಲಾಕಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. 230, 190, 100 ಮಿಲಿಮೀಟರಿನ ಬ್ಲಾಕು. ಸಿಮೆಂಟ್ ತೂಕದಲ್ಲಿ ನೂರಕ್ಕೆ 7 ಮಾತ್ರ. ಒಂದು ಮೂಟೆಗೆ ಹತ್ತಿರ ಹತ್ತಿರ 90 ಬ್ಲಾಕು. ಸುಡೋ ಗೂಡು ಬೇಡ.

ಆದರೆ ನೀರಿನ ಹದ ಇದೆಯಲ್ಲ, ಅದು ಕಣ್ಣಿಗೆ ಸಿಗಲ್ಲ. ಕಲಸಿದ ಮಣ್ಣನ್ನು ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಬಿಡಬೇಕು. ಪುಡಿಯಾದರೆ ನೀರು ಸಾಲದು. ಒಡೆಯದೆ ಚಪ್ಪಟೆಯಾಗಿ ಕೂತರೆ ಜಾಸ್ತಿ. ನಾಲ್ಕೈದು ಹೋಳಾದರೆ ಹದ. ಪ್ರತಿ ಬ್ಲಾಕಿಗೂ ಮಣ್ಣು ತೂಗಿಯೇ ಹಾಕಬೇಕು. ಕೈ ಅಂದಾಜಿಗೆ ಬಿಟ್ಟರೆ ಒಂದು ಗಟ್ಟಿ, ಒಂದು ಪೊಳ್ಳು.

ಇಷ್ಟೆಲ್ಲ ಓದಿಕೊಂಡು ಹೋಗಿ ಮೊದಲ ದಿನವೇ ಕೆಡಿಸಿದೆ. ಬೆಳಗ್ಗೆಯೇ ಮೂರು ಗಂಟೆಯ ಕೆಲಸಕ್ಕಾಗುವಷ್ಟು ಮಣ್ಣಿಗೆ ಸಿಮೆಂಟ್ ಕಲಸಿಟ್ಟೆವು. ಊಟ ಮುಗಿಸಿ ಬಂದು ಅದನ್ನೇ ಒತ್ತಿದೆವು. ಅಷ್ಟರಲ್ಲಿ ಸಿಮೆಂಟ್ ಅರ್ಧ ಸೆಟ್ ಆಗಿಹೋಗಿತ್ತು. ನೋಡೋಕೆ ಚೆನ್ನಾಗಿಯೇ ಇದ್ದವು. ಮೂರು ವಾರ ನೀರು ಹಾಕಿದ ಮೇಲೆ ಒಂದನ್ನು ರಾತ್ರಿಯಿಡೀ ಬಕೆಟ್ಟಿನಲ್ಲಿ ಮುಳುಗಿಸಿಟ್ಟರೆ ಅಂಚು ಬೆರಳಿಗೇ ಉದುರಿತು. 180 ಬ್ಲಾಕು ದಂಡ. ಮೇಸ್ತ್ರಿ ಏನೂ ಅನ್ನಲಿಲ್ಲ, ಬೀಡಿ ಹಚ್ಚಿದರು. ಪುಣ್ಯಕ್ಕೆ ಎರಡನೇ ದಿನದಿಂದ, ಬಿಸಿಲು ನೋಡಿ, ಅರ್ಧ ಗಂಟೆಗೆ ಆಗುವ 20 ಬ್ಲಾಕಿನಷ್ಟೇ ಕಲಸುತ್ತಿದ್ದೆವು. ಅವು ಗಟ್ಟಿ ನಿಂತವು. ದಿನಕ್ಕೆ 300 ದಾಟಲಿಲ್ಲ. 6,000ಕ್ಕೆ ಒಂದು ತಿಂಗಳೇ ಹಿಡಿಯಿತು.

ಸಾಲ ಕೊಡುವ ಬ್ಯಾಂಕಿನವರು ಮಣ್ಣಿನ ಗೋಡೆ ಅಂದಾಗ ಫೈಲ್ ಪಕ್ಕಕ್ಕಿಟ್ಟರು. ಇಂಥ ಬ್ಲಾಕಿಗೆ ಐಎಸ್ 1725 ಅನ್ನೋ ಮಾನಕ ಇದೆ. ಅದರ ಪ್ರಿಂಟ್ ಕೊಟ್ಟ ಮೇಲೆ ಫೈಲ್ ಮುಂದೆ ಹೋಯಿತು.

ಗೋಡೆ ಏಳುವಾಗ ಕಲಿತದ್ದು, ಪ್ಲಾಸ್ಟರ್ ಇಲ್ಲದ ಗೋಡೆ ಏನನ್ನೂ ಮುಚ್ಚಲ್ಲ. ಸಾಲು ಸೊಟ್ಟಗಾದರೆ ಸೊಟ್ಟಗೇ ಕಾಣುತ್ತದೆ. ವೈರಿಂಗ್ ಪೈಪನ್ನು ಮೊದಲೇ ಯೋಚಿಸಬೇಕು. ಮಿಕ್ಸಿಯ ಪಾಯಿಂಟ್ ಮರೆತೆ, ಆ ಪೈಪು ಇವತ್ತಿಗೂ ಗೋಡೆಯ ಮೇಲೇ ಇದೆ. ಮಳೆಹನಿ ಸಿಡಿಯದ ಹಾಗೆ ನೆಲದಿಂದ ಎರಡಡಿ ಸೈಜುಗಲ್ಲು, ಕಿಟಕಿ ಮೇಲೆ ಕಲ್ಲು ಚಪ್ಪಡಿಯ ಸಜ್ಜ. ಗೆದ್ದಲಿಗೆ ಬೇಕಿರೋದು ಮರ, ಸಿಮೆಂಟ್ ಸೇರಿಸಿ ಒತ್ತಿದ ಮಣ್ಣಲ್ಲ. ಅಮ್ಮನಿಗೆ ಇನ್ನೂ ಪೂರ್ತಿ ನಂಬಿಕೆ ಇಲ್ಲ, ವಾರಕ್ಕೊಮ್ಮೆ ಬಾಗಿಲ ಚೌಕಟ್ಟು ತಟ್ಟಿ ನೋಡುತ್ತಾರೆ.

ಆಮೇಲೆ ಮೋಲ್ಡ್. ತಾರಸಿಯ ಮೇಲ್ಭಾಗ ಒತ್ತಡ ಹೊರುತ್ತದೆ, ಕೆಳಭಾಗ ಎಳೆತ. ಎಳೆತ ತಡೆಯೋದು ಕಂಬಿ, ಕಾಂಕ್ರೀಟಿಗೆ ಅಲ್ಲಿ ಅಂಥಾ ಕೆಲಸ ಇಲ್ಲ. ಆ ಜಾಗದಲ್ಲಿ ಬೇರೇನಾದರೂ ತುಂಬಬಹುದು. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಇದನ್ನೇ ಮನೆಮನೆಗೆ ಮುಟ್ಟಿಸಿದ್ದು. ನಾವು ಹಳೇ ಮಂಗಳೂರು ಹೆಂಚನ್ನು ನೀರಿನಲ್ಲಿ ನೆನೆಸಿ, ಜೋಡಿಜೋಡಿಯಾಗಿ ಕಂಬಿಗಳ ನಡುವೆ ಇಟ್ಟೆವು. ಎಂಜಿನಿಯರ್ ಲೆಕ್ಕದಲ್ಲಿ ಕಾಂಕ್ರೀಟ್ ಐದರಲ್ಲಿ ಒಂದು ಪಾಲು ಉಳಿಯಿತು. ಕೆಳಗಿಂದ ನೋಡಿದರೆ ಹೆಂಚಿನ ಸಾಲು ಚೆಂದ ಕಾಣುತ್ತದೆ.

ಮೋಲ್ಡ್ ಹಾಕಿದ ಸಂಜೆ ಖಾಲಿ ಚೀಲ ಎಣಿಸಿದೆ. 72. ಗೋಡೆಯ ಬ್ಲಾಕುಗಳಿಗೆಲ್ಲ ಸೇರಿ ಆಗಿದ್ದು 68. ಪಾಯ, ಗಾರೆ, ನೆಲದ ಲೆಕ್ಕ ಬೇರೆ. ಒಂದು ತಿಂಗಳು ಗ್ರಾಂ ಲೆಕ್ಕದಲ್ಲಿ ತೂಗಿ ಉಳಿಸಿದ್ದು ಒಂದೇ ದಿನದಲ್ಲಿ ತಲೆ ಮೇಲೆ ಹೋಗಿ ಕೂತಿತ್ತು. ಕ್ಲಿಂಕರ್, ಅಂದರೆ ಸುಣ್ಣದ ಕಲ್ಲು ಸುಟ್ಟು ಮಾಡುವ ಸಿಮೆಂಟಿನ ಮೂಲವಸ್ತು, ಅದನ್ನು ಅರ್ಧಕ್ಕಿಳಿಸಿ, ಸುಟ್ಟ ಜೇಡಿ ಮತ್ತು ಸುಣ್ಣಕಲ್ಲಿನ ಪುಡಿ ಸೇರಿಸುವ ಎಲ್‌ಸಿ3 ಸಿಮೆಂಟಿಗೆ 2023ರಲ್ಲಿ ನಮ್ಮಲ್ಲೂ ಮಾನಕ ಬಂದಿದೆ. ನಮ್ಮೂರ ಅಂಗಡಿಯಲ್ಲಿ ಕೇಳಿದರೆ "ಯಾವ ಕಂಪನಿ ಸಾರ್ ಅದು?" ಅಂದರು. ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟನ್ನೇ ತಂದೆ.

ಉಳಿದ 400 ಬ್ಲಾಕಿನಲ್ಲಿ ಹಿತ್ತಲಲ್ಲಿ ಒಂದು ಉಗ್ರಾಣ ಕಟ್ಟಿಸಿದೆ. "ಮೋಲ್ಡ್ ಯಾವತ್ತು ಹಾಕೋಣ ಸಾರ್?" ಅಂದರು ಮೇಸ್ತ್ರಿ. ಬೇಡ, ಹೆಂಚು ಹೊದಿಸಿ ಅಂದೆ. ಅಲ್ಲೇ ಸೂರಿನ ನೀರು ಬೀಳುವ ಕಡೆ ಒಂದು ಬ್ಲಾಕ್ ಸುಮ್ನೆ ಇಟ್ಟಿದ್ದೆ. ಎರಡು ಮಳೆಗಾಲ ಆಯಿತು. ಮೂಲೆ ಸ್ವಲ್ಪ ದುಂಡಗಾಗಿದೆ, ಕಲ್ಲುಪುಡಿಯ ಕಾಳು ಕಾಣುತ್ತದೆ. ಮೇಸ್ತ್ರಿ ಈ ಕಡೆ ಬಂದಾಗಲೆಲ್ಲ ಅದನ್ನು ಚಪ್ಪಲಿ ಕಾಲಲ್ಲಿ ಒಮ್ಮೆ ಒದ್ದು ನೋಡುತ್ತಾರೆ.