2 ಜಿಬಿ ಫೋನಿನಲ್ಲಿ ಇಡೀ ಕರ್ನಾಟಕದ ನಕ್ಷೆ: ನನ್ನ ಅನುಭವ

ತಾಲ್ಲೂಕು ಗಡಿ, ಹೊಳೆ, ರಸ್ತೆ ಎಲ್ಲ ಇರುವ ಎಸ್‌ವಿಜಿ ನಕ್ಷೆ, ಅಂದರೆ ಪಿಕ್ಸೆಲ್ ಅಲ್ಲ, ಗೆರೆಗಳ ಲೆಕ್ಕವಾಗಿ ಉಳಿಸಿದ ಚಿತ್ರ. 2 ಜಿಬಿ ರ್‍ಯಾಮ್‌ನ ಆಂಡ್ರಾಯ್ಡ್ ಫೋನಿನಲ್ಲಿ, ನೆಟ್ ಇಲ್ಲದೆ ಜೂಮ್ ಆಗಬೇಕು. "ಆಗಲ್ಲ ಬಿಡಿ, ಪಿಎನ್‌ಜಿ ಚಿತ್ರ ಮಾಡಿ ಸರ್ವರ್‌ನಲ್ಲಿಡಿ" ಎಂದವರೇ ಜಾಸ್ತಿ. ಸರ್ವರ್‌ಗೆ ತಿಂಗಳಿಗೆ ಆರೇಳು ಸಾವಿರ ಯಾರು ಕೊಡುತ್ತಾರೆ? ಈಗ ಸರ್ವರ್ ಇಲ್ಲದೆಯೇ ಓಡುತ್ತಿದೆ, ಬೆಣ್ಣೆಯ ಹಾಗೆ.

ಮೊದಲು ಇಡೀ ನಕ್ಷೆಯನ್ನು ಒಂದೇ ಬಿಟ್‌ಮ್ಯಾಪ್‌ಗೆ (ಪಿಕ್ಸೆಲ್ ಪಿಕ್ಸೆಲ್ ಆಗಿ ಮೆಮೊರಿಯಲ್ಲಿ ಕೂರುವ ಚಿತ್ರ) ಇಳಿಸಿ ನೋಡಿದೆ. 4096×4096, ಪಿಕ್ಸೆಲ್‌ಗೆ 4 ಬೈಟ್, ಅಲ್ಲಿಗೆ 64 ಎಂಬಿ. ಜೂಮ್ ಎರಡು ಪಟ್ಟಾದರೆ 256. ಆಪ್ ಕ್ರ್ಯಾಶ್. ಆಮೇಲೆ ಬಿಟ್‌ಮ್ಯಾಪೇ ಬೇಡವೆಂದು ಪ್ರತಿ ಫ್ರೇಮ್‌ಗೂ, ಅಂದರೆ ಸ್ಕ್ರೀನ್ ಹೊಸದಾಗುವ ಪ್ರತಿ ಸಲವೂ, ನಕ್ಷೆಯ ಗೆರೆಗಳನ್ನೇ ಬರೆಸಿದೆ. ಮೆಮೊರಿ ಉಳಿಯಿತು, ಆದರೆ 16 ಮಿಲಿಸೆಕೆಂಡಿನಲ್ಲಿ ಮುಗಿಯಬೇಕಾದ ಫ್ರೇಮ್‌ಗೆ ಇನ್ನೂರರ ಹತ್ತಿರ ಹಿಡಿಯಿತು. ಪರೀಕ್ಷೆಗೆಂದು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಎರಡು ಹಳೇ ಫೋನ್ ತಂದಿದ್ದೆ, ಐದು ಸಾವಿರದ ಆಸುಪಾಸು. ಆ ದುಡ್ಡು ಸಾರ್ಥಕ. ನನ್ನ ಸ್ವಂತ ಫೋನಿನಲ್ಲಿ ಈ ತೊಂದರೆ ಕಾಣುತ್ತಲೇ ಇರಲಿಲ್ಲ.

ಕೊನೆಗೆ ಕೈಹಿಡಿದದ್ದು 256×256ರ ಟೈಲ್, ಅಂದರೆ ನಕ್ಷೆಯ ಚೌಕ ತುಂಡು, ಒಂದಕ್ಕೆ 256 ಕೆಬಿ. 720×1600ರ ಸ್ಕ್ರೀನಿಗೆ ಹೆಚ್ಚೆಂದರೆ 32 ಬೇಕು. ಸುತ್ತಲಿನ ಅಂಚೂ ಸೇರಿ 64 ಇಟ್ಟುಕೊಂಡೆ, ಒಟ್ಟು 16 ಎಂಬಿ. ಹೊಸ ಬಿಟ್‌ಮ್ಯಾಪ್ ಹುಟ್ಟಿಸುವುದೇ ಇಲ್ಲ. ಆಚೆ ಹೋದ ಟೈಲ್ ಅನ್ನೇ ಅಳಿಸಿ ಮತ್ತೆ ಬರೆಯುತ್ತೇನೆ. ಅದು ತಯಾರಾಗುವವರೆಗೆ ಹಿಂದಿನ ಜೂಮ್‌ನ ಟೈಲ್ ಅನ್ನೇ ಹಿಗ್ಗಿಸಿ ತೋರಿಸಿದರಾಯಿತು. ಯಾವ ಟೈಲ್ ಅನ್ನು ಮೊದಲು ಬರೆಯಬೇಕೆಂಬ ಲೆಕ್ಕ ಮಾತ್ರ ಇಲ್ಲಿ ಹೇಳುವುದಿಲ್ಲ, ಅದು ನನ್ನ ಹೊಟ್ಟೆಪಾಡು.

ನಿಜವಾದ ಕಷ್ಟ ಕರಾವಳಿಯದು. ಕಾಳಿ, ಅಘನಾಶಿನಿ, ಶರಾವತಿಯ ಅಳಿವೆಗಳಲ್ಲಿ ಗೆರೆಯ ಬಿಂದುಗಳು ರಾಶಿ ಬಿದ್ದಿದ್ದವು. ಇಡೀ ರಾಜ್ಯ ಕಾಣುವಾಗ ಒಂದು ಪಿಕ್ಸೆಲ್ ಅಂದರೆ ಅರ್ಧ ಕಿಲೋಮೀಟರಿಗೂ ಜಾಸ್ತಿ. ಅಷ್ಟು ಬಿಂದು ಯಾಕೆ ಬೇಕು? ಗೆರೆಯ ಆಕಾರ ಕೆಡದಂತೆ ಬಿಂದು ಕಡಿಮೆ ಮಾಡುವ ಡಗ್ಲಾಸ್–ಪ್ಯೂಕರ್ ವಿಧಾನ ಹಾಕಿ ಹತ್ತರಲ್ಲಿ ಒಂಬತ್ತು ಪಾಲು ತೆಗೆದೆ. ಆದರೆ ಕುಮಟಾ, ಹೊನ್ನಾವರದ ನಡುವೆ ಬಿಳಿ ಸೀಳು ಬಿತ್ತು! ಒಂದೊಂದು ತಾಲ್ಲೂಕನ್ನು ಬೇರೆ ಬೇರೆಯಾಗಿ ಸವರಿದರೆ ಗಡಿ ಕೂಡುವುದಿಲ್ಲ. ಎರಡು ತಾಲ್ಲೂಕುಗಳ ನಡುವಿನ ಗೆರೆಯನ್ನು ಒಂದೇ ಸಲ ಸವರಿ ಎರಡೂ ಕಡೆಗೆ ಅದನ್ನೇ ಕೊಡಬೇಕು. ಇದಕ್ಕೇ ವಾರಗಟ್ಟಲೆ ಹೋಯಿತು.

ನಡುವೆ ಸುಮ್ನೆ ಆರ್‌ಜಿಬಿ 565, ಅಂದರೆ ಪಿಕ್ಸೆಲ್‌ಗೆ 2 ಬೈಟಿನ ಬಣ್ಣ, ಕೂಡ ನೋಡಿದೆ. ಮೆಮೊರಿ ಅರ್ಧಕ್ಕಿಳಿಯಿತು, ಆದರೆ ಘಟ್ಟದ ಹಸಿರಿನಲ್ಲಿ ಪಟ್ಟೆ ಪಟ್ಟೆ. ಬಿಟ್ಟೆ. ಜಿಲ್ಲೆಗೆ ನೆರಳು ಕೊಡಲು ಸೇವ್‌ಲೇಯರ್ (ಬೇರೆ ಪದರದಲ್ಲಿ ಬರೆದು ಮೇಲೆ ಕೂರಿಸುವ ಆಂಡ್ರಾಯ್ಡ್ ಸೌಲಭ್ಯ) ಹಾಕಿದರೆ ಸ್ಕ್ರೀನಿನಷ್ಟೇ ಇನ್ನೊಂದು ಬಿಟ್‌ಮ್ಯಾಪ್, ನಾಲ್ಕೂವರೆ ಎಂಬಿ. ಅದನ್ನೂ ಬಿಟ್ಟೆ.

ಊರ ಹೆಸರುಗಳನ್ನು ಮಾತ್ರ ಟೈಲ್‌ಗೆ ಹಾಕಬೇಡಿ. ಅಂಚಿಗೆ ಬಂದ "ಚಿಕ್ಕಬಳ್ಳಾಪುರ"ದ ಒತ್ತಕ್ಷರ ಕೆಳಗಿನ ಟೈಲ್‌ಗೆ ಬರದೆ ಅರ್ಧಕ್ಕೇ ಕತ್ತರಿಸಿಹೋಗುತ್ತಿತ್ತು. ಈಗ ಹೆಸರುಗಳನ್ನು ಟೈಲ್‌ಗಳ ಮೇಲೆ ನೇರವಾಗಿ ಪ್ರತಿ ಫ್ರೇಮ್‌ಗೂ ಬರೆಯುತ್ತೇನೆ. ಒಮ್ಮೆಗೆ ಕಾಣುವುದು ನಲವತ್ತೋ ಐವತ್ತೋ, ಅಷ್ಟನ್ನು ಹಳೇ ಫೋನೂ ಆರಾಮಾಗಿ ತಡೆಯುತ್ತದೆ.